ಎಡಮೂಲೆಯ ಹೊಳಪು

ಗುಂಡ್ಲುಪೇಟೆಯಲ್ಲಿ ಸ್ಟುಡಿಯೋ ಇಟ್ಟು, ಆರು ವರ್ಷ ಮದುವೆ ಗಂಡುಹೆಣ್ಣುಗಳ ಮುಖ ತೆಗೆದೂ ತೆಗೆದೂ ಗುರುಪಾದಸ್ವಾಮಿಗೆ ಮನುಷ್ಯರ ಮೇಲೇ ಬೇಸರ ಬಂದುಬಿಟ್ಟಿತ್ತು. ಕಣ್ಣು ಮುಚ್ಚುತ್ತಾರೆ, ಕೆಮ್ಮುತ್ತಾರೆ, ಆಮೇಲೆ ಪಟದಲ್ಲಿ ಕಪ್ಪಗೆ ಬಂದಿದ್ದೇವೆ ಎಂದು ಜಗಳಕ್ಕೆ ನಿಲ್ಲುತ್ತಾರೆ. ಸಾಮಾನುಗಳು ಹಾಗಲ್ಲ, ಇಟ್ಟ ಕಡೆ ಇರುತ್ತವೆ. ಐವತ್ತೈದನೇ ಇಸವಿಯಲ್ಲಿ ಮೈಸೂರಿನಲ್ಲೊಂದು ಫೋಟೋ ಸ್ಪರ್ಧೆ ಇದೆ, ಮನುಷ್ಯರಿಲ್ಲದ ಪಟವೂ ಆಗಬಹುದು ಎಂದು ಅವನಿಗೆ ಕೆಲಸ ಕಲಿಸಿದ ಚಾಮರಾಜನಗರದ ಸೋಮಯ್ಯನವರು ಕಾಗದ ಬರೆದಿದ್ದೇ ತಡ, ಅವನಿಗೆ ಹುಚ್ಚು ಹಿಡಿಯಿತು.

ಸ್ಟುಡಿಯೋ ಅಂದರೆ ಮನೆಯ ಮುಂದಿನ ಕೋಣೆ. ಆವತ್ತು ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಸ್ನಾನ ಮುಗಿಸಿ, ಪೂಜೆಗೆ ಕೂರುವುದು ಬಿಟ್ಟು, ಮೇಜಿನ ಮೇಲೆ ಕರಿಕಂಬಳಿ ಹಾಸಿದ. ಹಿತ್ತಾಳೆ ಚೊಂಬು, ಪಕ್ಕಕ್ಕೆ ಮೊರ, ಮೊರದಲ್ಲಿ ತರಕಾರಿ ಮೂಗಯ್ಯ ಆಗಷ್ಟೇ ಕೊಟ್ಟುಹೋದ ನಾಲ್ಕು ಬದನೆಕಾಯಿ. ಚೊಂಬಿನ ಗುಂಡು, ಮೊರದ ಗೆರೆ, ಬದನೆಯ ನುಣುಪು ಒಂದಕ್ಕೊಂದು ಹೊಂದಿಕೊಂಡವು. ಎಡಮೂಲೆ ಮಾತ್ರ ಕತ್ತಲು. ಅಲ್ಲೊಂದು ಸಣ್ಣ ಹೊಳಪು ಬೇಕಿತ್ತು. ಲೋಟ ಇಟ್ಟ, ಸೌಟು ಇಟ್ಟ, ಯಾವುದೂ ಕೂರಲಿಲ್ಲ. ಬಿಸಿಲು ಜಾರುತ್ತಿತ್ತು. ಬಗ್ಗಿದಾಗ ಕೊರಳಿನ ಬೆಳ್ಳಿ ಕರಡಿಗೆ ಮುಂದಕ್ಕೆ ತೂಗಿತು. ಒಳಗೆ ಇಷ್ಟಲಿಂಗ ಇರುವ ಕರಡಿಗೆ, ದೀಕ್ಷೆಯಾದಾಗಿನಿಂದ ಮೈಬಿಟ್ಟು ಇಳಿಯದ್ದು. ಎರಡು ನಿಮಿಷ ತಾನೇ ಎಂದುಕೊಂಡು ಶಿವದಾರದ ಸಮೇತ ತೆಗೆದು ಎಡಮೂಲೆಗಿಟ್ಟ.

ಪಟಕ್ಕೆ ಜೀವ ಬಂತು. ಒಂದು ಫೋಟೋ ಪ್ಲೇಟಿನ ಮೇಲೆ ಚಿತ್ರ ಹಿಡಿದ. ಇನ್ನೊಂದು ತುಂಬಿಕೊಂಡು ಬರಲು ಕತ್ತಲೆಕೋಣೆಗೆ ಹೋದ. ಬಂದವನೇ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಚಿತ್ರದಲ್ಲಿ ಚೊಂಬಿತ್ತು, ಮೊರವಿತ್ತು, ಬದನೆಕಾಯಿ ಇದ್ದವು. ಕರಡಿಗೆ ಇರಲಿಲ್ಲ.

ಕಂಬಳಿ ಕೊಡವಿದ, ಮೊರ ಕವುಚಿದ, ಮೇಜಿನಡಿ ತೆವಳಿದ. ಲಿಂಗ ಕಳೆದುಕೊಂಡವನು ಬದುಕಿರಬಾರದು ಎಂದು ಅಜ್ಜ ಹೇಳುತ್ತಿದ್ದದ್ದು ಅವನಿಗೆ ಆ ತನಕ ಬರೀ ಮಾತಾಗಿತ್ತು. ಈಗ ಉಗುಳು ನುಂಗಲೂ ಹೆದರಿಕೆಯಾಯಿತು. ಬಾಗಿಲು ತೆರೆದೇ ಇತ್ತು. ಮೂಗಯ್ಯನೇನಾದರೂ ತಿರುಗಿ ಬಂದನೋ? ಬೀದಿಗೆ ಓಡಿದರೆ ಅವನು ಬಾವಿ ಹತ್ತಿರ ಬುಟ್ಟಿ ಇಳಿಸಿಕೊಂಡು ಕೂತಿದ್ದ. ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕೇಳದೆ ವಾಪಸು ಬಂದ. ಅವ್ವ ಮಲ್ಲಾಜಮ್ಮನನ್ನಂತೂ ಕೇಳುವ ಹಾಗೇ ಇರಲಿಲ್ಲ. ಅವಳು ಆ ಕೋಣೆಗೆ ಕಾಲಿಡುವವಳೇ ಅಲ್ಲ, ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ. ಅಂಗಿ ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿಕೊಂಡ.

"ಪೂಜೆ ಆಯ್ತೇನಪ್ಪ?" ಅಡುಗೆಮನೆಯಿಂದ ಅವ್ವ ಕೇಳಿದಳು.

"ಆಯ್ತು ಕಣವ್ವ." ಬಾಯಿಂದ ಬಂದುಬಿಟ್ಟಿತು.

"ಹಂಗಾರೆ ಉಣ್ಣು ಬಾ."

ಪೂಜೆಯಿಲ್ಲದೆ ಗುಟುಕು ನೀರನ್ನೂ ಮುಟ್ಟದ ಮನೆ ಅದು. ಹಸಿವಿಲ್ಲ ಎಂದರೆ ಯಾಕೆ ಅನ್ನುತ್ತಾಳೆ. ಹೋಗಿ ಕೂತ. ಅವ್ವ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಎದುರಿಗೇ ಕೂತಳು. ಯಾವತ್ತೂ ಹಾಗೆ ಕೂತವಳಲ್ಲ.

"ಯಾಕ್ಲಾ, ಉಣ್ಣು."

ಮುದ್ದೆ ಮುರಿದ. ಸಾರಿಗೆ ಅದ್ದಿದ. ಒಂದೇ ತುತ್ತು, ನುಂಗಿಬಿಟ್ಟರೆ ಈ ಹೊತ್ತು ಕಳೆಯುತ್ತದೆ, ಆಮೇಲೆ ಹುಡುಕಬಹುದು. ಕೈ ಎದೆಯ ಮಟ್ಟಕ್ಕೆ ಬಂತು, ಅಲ್ಲಿಂದ ಮೇಲೇಳಲಿಲ್ಲ. ತುತ್ತನ್ನು ತಟ್ಟೆಗೆ ಬಿಟ್ಟ.

"ಅವ್ವ, ಲಿಂಗ ಕಳ್ಕಬುಟ್ಟೆ."

ಮಲ್ಲಾಜಮ್ಮ ಬಯ್ಯಲಿಲ್ಲ, ಅಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದಳು.

"ಪೂಜೆಗೆ ಒತ್ತಾಯ್ತು ಅಂತ ಕರಿಯಕೆ ಬಂದೆ, ನೀನಿರ್ನಿಲ್ಲ, ಇದು ಬಿದ್ದಿತ್ತು. ಮೈಬುಟ್ಟು ಬಿದ್ದಿರ ಲಿಂಗವ ನಿಮ್ಮಪ್ಪ ಸತ್ತಾಗ್ಲೂ ನಾ ನೋಡ್ನಿಲ್ಲ. ಅವರ ಜೊತೇಲೇ ಮಣ್ಣಿಗೋಯ್ತು."

ಅವಳೇ ಎದ್ದು ಬಂದು ಅವನ ಕೊರಳಿಗೆ ಶಿವದಾರ ಹಾಕಿದಳು. ಗುರುಪಾದಸ್ವಾಮಿಗೆ ಅಳು ಬಂತು. ಇನ್ನು ಭಯವಿಲ್ಲ ಅಂದುಕೊಂಡ.

"ಆ ತುತ್ತ ನೀ ಬಾಯ್ಗೆ ಇಟ್ಟಿದ್ರೆ," ಅವ್ವ ದಾರದ ಗಂಟು ಬಿಗಿಯುತ್ತಾ ಹೇಳಿದಳು, "ಇದ ನಿಂಗೆ ಕೊಡ್ತಿರ್ನಿಲ್ಲ ಕಣಪ್ಪ. ತಕ್ಕಂಡೋಗಿ ನಿಮ್ಮಪ್ಪನ ಪಕ್ಕದಲ್ಲೇ ಊತ್ಬುಟ್ಟು ಬತ್ತಿದ್ದೆ."