ಹೈಥಮನ ಅಮ್ಮನ ಹೆಸರು

ನಮ್ಮ ಬಡಾವಣೆ ಶುಬ್ರಾದಲ್ಲಿ ಮಕ್ಕಳ ಶಾಲೆಯ ಪ್ರವಾಸದ ಬಸ್ಸು ಹತ್ತುವಾಗಲೇ ಹೈಥಮನ ಅಮ್ಮ ಹೇಳಿಬಿಟ್ಟಿದ್ದಳು: "ರಾತ್ರಿಯೆಲ್ಲ ಆಸ್ಪತ್ರೆ ಡ್ಯೂಟಿ ಮಾಡಿ ಬಂದಿದೀನಿ. ನನ್ನನ್ನ ಯಾರೂ ಮಾತಾಡಿಸ್ಬೇಡಿ." ಯಾರು ಕೇಳುತ್ತಾರೆ? ಹುಡುಗರು ಮೈದೂಮ್ ಪಿರಮಿಡ್ಡು ಬರುವವರೆಗೂ ಡೋಲು ಬಡಿದರು.

ಅಲ್ಲಿ ಗೈಡ್ ರಾಫತ್ ಮಾಸ್ತರು ಕುಸಿದ ಪಿರಮಿಡ್ಡಿನ ಕಥೆ ಹೇಳುತ್ತಿದ್ದರೆ, ನಾವು ಹೆಂಗಸರು ನೆರಳು ಹುಡುಕಿ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನದ ಡಬ್ಬಿ ಬಿಚ್ಚಿದೆವು. ಒಳಗೆ ಹೋದವರೆಲ್ಲ ಬೆನ್ನು ಬಗ್ಗಿಸಿಕೊಂಡು ಸುರಂಗದಿಂದ ಹೊರಬಂದರು. ಒಳಗೆ ತಂಪಿರುತ್ತದೆಂದು ಇಳಿದಿದ್ದ ಹೈಥಮನ ಅಮ್ಮ ಬರಲಿಲ್ಲ.

"ಕೆಳಗಿನ ಕೋಣೇಲಿ ಗೋಡೆಗೊರಗಿ ನಿದ್ದೆ ಹೋಗಿದಾಳೆ," ಎಂದಳು ಕೊನೆಗೆ ಬಂದ ಇನ್ನೊಬ್ಬ ತಾಯಿ ಸನಾ. "ಭುಜ ಹಿಡಿದು ಅಲ್ಲಾಡಿಸಿದೆ. 'ಇನ್ನೈದು ನಿಮಿಷ' ಅಂತಾಳೆ."

ಕಾವಲುಗಾರ ಹಾಜಿ ಶಾಬಾನ್ ಬೀಗ ಹಿಡಿದು ನಿಂತಿದ್ದ. "ನಮಾಜಿಗೆ ಹೋಗ್ಬೇಕು ನಾನು. ಅವ್ರೂ ನಾಲ್ಕು ಸಾವಿರ ವರ್ಷ ಮಲಗೋದಾದ್ರೆ ಹೇಳಿ, ಬೀಗ ಹಾಕ್ಕೊಂಡು ಹೋಗ್ತೀನಿ."

ಹೈಥಮ್ ಬಾಗಿಲಲ್ಲಿ ಬಗ್ಗಿ "ಅಮ್ಮಾ" ಎಂದು ಕೂಗಿದ. ಹೊರಗೆ ಮರಳಲ್ಲಿ ಕೂತಿದ್ದ ತಾಯಂದಿರೆಲ್ಲ "ಏನೋ?" ಎಂದರು. ಒಳಗಿನಿಂದ ಉಸಿರಿಲ್ಲ. ಮಾಸ್ತರು "ಹೈಥಮನ ಅಮ್ಮಾ" ಎಂದು ಗಂಟಲು ಹರಿದುಕೊಂಡರು. ಅದನ್ನು ದಿನವಿಡೀ ಕೇಳುವವಳಿಗೆ ಅದು ಫ್ಯಾನಿನ ಸದ್ದಿದ್ದ ಹಾಗೆ.

"ಮನೇಲಿ ಹೇಗಪ್ಪ ಎಬ್ಬಿಸ್ತೀರಿ?" ಎಂದು ಮಾಸ್ತರು ಹೈಥಮನನ್ನು ಕೇಳಿದರು.

"ಅಪ್ಪ ಹೆಸರು ಹಿಡಿದು ಕರೀತಾರೆ. ಒಂದೇ ಸಲಕ್ಕೆ ಏಳ್ತಾಳೆ."

"ಮತ್ತೆ ಕರಿ."

ಹೈಥಮನ ಕಿವಿ ಕೆಂಪಾಯಿತು. ಹಿಂದೆ ಅವನ ತರಗತಿಯವರೆಲ್ಲ ನಿಂತಿದ್ದರು. ನಮ್ಮಲ್ಲಿ ಗಂಡುಹುಡುಗರು ತಾಯಿಯ ಹೆಸರನ್ನು ಗೆಳೆಯರ ಮುಂದೆ ಎತ್ತುವುದಿಲ್ಲ. ಎತ್ತಿದರೆ ವರ್ಷವಿಡೀ ಬೀದಿಯಲ್ಲಿ ಅದೇ ಕೂಗು. ನಾವಾದರೂ ಕರೆಯೋಣವೆಂದರೆ, ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದೂ ಅವಳು ನನಗೆ ಹೈಥಮನ ಅಮ್ಮ ಅಷ್ಟೇ.

"ಕರಿಯೋ, ನಾವು ಕಿವಿ ಮುಚ್ಕೋತೀವಿ," ಎಂದ ನನ್ನ ಮಗ ಜಿಯಾದ್. ಅವನ ಬೆನ್ನಿಗೊಂದು ಕೊಟ್ಟೆ.

ಹೈಥಮ್ ಯಾರ ಮುಖವನ್ನೂ ನೋಡದೆ ಒಳಗೆ ನುಗ್ಗಿದ. ಕಿವಿಯಲ್ಲೇ ಹೇಳಿದರಾಯಿತೆಂದು ಅಷ್ಟು ದೂರ ಇಳಿದುಹೋದ ಪಾಪ. ಆದರೆ ಆ ಕಲ್ಲಿನ ಕೊಳವೆ ಅವನ ಪಿಸುಮಾತನ್ನು ನಮ್ಮ ಕಾಲಬುಡಕ್ಕೇ ತಂದು ಹಾಕಿತು.

"ಇನ್ಶಿರಾಹ್..."

"ಹ್ಞೂಂ, ಎದ್ದೆ ರೀ," ಎಂದಿತು ನಿದ್ದೆಗಣ್ಣಿನ ದನಿ.

ಹುಡುಗರ ಗುಂಪು ಕಿಸಕ್ಕನೆ ನಕ್ಕಿತು. ತಾಯಿ ಕಣ್ಣುಜ್ಜುತ್ತ ಹೊರಬಂದಳು. ಮಗ ತಲೆ ಎತ್ತಲಿಲ್ಲ.

ವಾಪಸು ಬರುವಾಗ ಡೋಲು ಮತ್ತೆ ಶುರುವಾಯಿತು. ಹೈಥಮ್ ಮಾತ್ರ ನನ್ನ ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಒತ್ತಿ ಕೂತಿದ್ದ. ಜಿಯಾದ್ ಎದ್ದುಹೋಗಿ ಅವನ ಪಕ್ಕ ಕೂತ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ತಗ್ಗಿದ ದನಿಯಲ್ಲಿ ಹೇಳಿದ:

"ನಮ್ಮಮ್ಮನ ಹೆಸರು ಬದ್ರಿಯಾ. ಯಾರಿಗಾದ್ರೂ ಹೇಳಿದ್ರೆ ಹಲ್ಲುದುರಿಸ್ತೀನಿ."

ಹೈಥಮ್ ಕಿಟಕಿಯಿಂದ ಮುಖ ತಿರುಗಿಸಿದ. "ನಮ್ಮಜ್ಜಿ ಊರಲ್ಲಿ ಎಮ್ಮೆಗೆ ಆ ಹೆಸರಿದೆ."

"ಹಾಲು ಕೊಡುತ್ತಾ?"

"ಒದೆಯುತ್ತೆ."

"ಹಾಗಾದ್ರೆ ನಮ್ಮಮ್ಮನೇ."

ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಾನು ಕಣ್ಣು ಮುಚ್ಚಿ, ಅವರಿಗೆ ಕೇಳುವಷ್ಟು ಗೊರಕೆ ಹೊಡೆದೆ.