ಸೊಸೆಗೆ ಮಾತ್ರ ಕಲಿಸುವ ನವಿಲು

ನವಲಗುಂದದ ರಜಿಯಾಬಿಯ ಮನೆತನದಲ್ಲಿ ಜಮಖಾನದ ನೇಯ್ಗೆಯನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗಲ್ಲ. ಮಗಳು ನಾಳೆ ಇನ್ನೊಬ್ಬರ ಮನೆ ಸೇರುವವಳು, ಜೊತೆಗೆ ಗುಟ್ಟೂ ಹೋದೀತು ಎಂಬ ಹೆದರಿಕೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಜೋಡಿ ನವಿಲಿನ ಚಿತ್ತಾರ ಆ ಮನೆಯದೇ ಸ್ವತ್ತು. ಅದನ್ನು ಕಾಗದದ ಮೇಲೆ ಬರೆದಿಟ್ಟವರು ಯಾರೂ ಇಲ್ಲ. ರಜಿಯಾಬಿಗೆ ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳು ರೇಷ್ಮಾಬಿ ಮಗ್ಗದ ಹತ್ತಿರ ಸುಳಿದರೆ ಸಾಕು, "ನೀ ಹೊರಗಿನಾಕಿ, ನಿನಗ್ಯಾಕ ಇದು" ಎಂದು ಅಟ್ಟುತ್ತಿದ್ದಳು.

ಇಂಥ ಘಾಟಿ ಹೆಂಗಸು ಎಡವಿದ್ದು ಎಲ್ಲಿ ನೋಡಿ. ಏಳು ವರ್ಷದ ಹಿಂದೆ, ಮೊಬೈಲಿನಲ್ಲಿ ಸಾಮಾನು ಮಾರುವ ದೊಡ್ಡ ಕಂಪನಿಯೊಂದು ಅವಳ ಜಮಖಾನ ಮಾರಲು ಒಪ್ಪಿತು. ಕೈನೇಯ್ಗೆ ಎಂಬುದು ಖಾತ್ರಿಯಾಗಬೇಕು, ಶುರುವಿನಿಂದ ಕೊನೆಯವರೆಗೆ ವಿಡಿಯೊ ಕಳಿಸಿ ಎಂದಿತು. ಕಂಪನಿಯನ್ನೇನು ಬೇರೆ ಮನೆಗೆ ಮದುವೆ ಮಾಡಿಕೊಡಬೇಕೆ ಎಂದುಕೊಂಡ ರಜಿಯಾಬಿ ಬಾಗಿಲು ಹಾಕಿ, ಮೊಬೈಲನ್ನು ಗೋಡೆಗೆ ಆನಿಸಿಟ್ಟು, ಹನ್ನೊಂದು ದಿನ ಅದರ ಮುಂದೆ ನೇಯ್ದಳು. ವಿಡಿಯೊ ಕಳಿಸಿದ ಮೇಲೆ, ಮನೆಯಲ್ಲಿ ಯಾರ ಕಣ್ಣಿಗೂ ಬೀಳದಿರಲೆಂದು ಮೊಬೈಲಿನಿಂದ ಅಳಿಸಿದಳು. ಹೆತ್ತ ಮಗಳಿಗೆ ತೋರಿಸದ್ದನ್ನು ಮುಖ ಕಾಣದವರಿಗೆ ತೋರಿಸಿದಳು.

ವರ್ಷ ತುಂಬುವುದರೊಳಗೆ ಅದೇ ನವಿಲು ಕಂಪನಿಯ ಸ್ವಂತ ಹೆಸರಿನಲ್ಲಿ, ಅರ್ಧ ಬೆಲೆಗೆ, ಮೊಬೈಲಿನ ಮೊದಲ ಸಾಲಿಗೆ ಬಂತು. ರಜಿಯಾಬಿಯದು ಎಷ್ಟು ಬೆರಳಾಡಿಸಿದರೂ ಕಾಣದಷ್ಟು ಕೆಳಗಿಳಿಯಿತು. ದೊಡ್ಡ ವ್ಯಾಪಾರಿ ಸಣ್ಣವರನ್ನು ತುಳಿಯದಂತೆ ಕಾಯುವ ಆಯೋಗವೊಂದು ದಿಲ್ಲಿಯಲ್ಲಿದೆ. ಧಾರವಾಡದ ವಕೀಲ ಪಾಂಡುರಂಗ ಅಲ್ಲಿಗೆ ದೂರು ಬರೆದರು. ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಜಮಖಾನ ಸಾಕ್ಷಿಯೆಂದು ದಿಲ್ಲಿ ಸೇರಿತು. ಆಯೋಗ ತನಿಖೆ ಎಂದಾಗಲೆಲ್ಲ ಕಂಪನಿ ಕೋರ್ಟಿನಿಂದ ಸ್ಟೇ ತರುತ್ತಿತ್ತು. ಅದು ತೆರವಾದರೆ ಇನ್ನೊಂದು. ಹೀಗೆ ಐದು ವರ್ಷ ಹಾಳಾದವು. ಅಷ್ಟರಲ್ಲಿ ರಜಿಯಾಬಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು.

ಕೊನೆಗೂ ತನಿಖೆ ಶುರುವಾದಾಗ ಕಂಪನಿ ನಾಚಿಕೆಯಿಲ್ಲದೆ ಹೇಳಿತು: ನವಿಲು ನಮ್ಮದು, ನಮ್ಮದನ್ನು ನೋಡಿ ಆಕೆಯೇ ನೇಯ್ದಿದ್ದಾಳೆ.

"ನಿಮ್ಮ ಮನಿಯವರು ಯಾರರ ಒಬ್ಬರು ಅಧಿಕಾರಿ ಮುಂದ ಕೂತು, ಏನೂ ನೋಡದಂಗ ಆ ನವಿಲು ನೇಯ್ದು ತೋರಸ್ರಿ," ಎಂದರು ಪಾಂಡುರಂಗ. "ಇಲ್ಲಂದ್ರ ಕೇಸು ನಿಲ್ಲೂದಿಲ್ಲ. ಕಂಪನಿ ಕಡೆ ಇರೋ ವಿಡಿಯೊನೂ ಕೇಳೀನ್ರಿ. ಕೊಡ್ತಾರೋ ಇಲ್ಲೋ."

ಅಣ್ಣಿಗೇರಿಯ ಗಂಡನ ಮನೆಯಿಂದ ರೇಷ್ಮಾಬಿ ಬಂದು ಮೊದಲ ಸಲ ಮಗ್ಗಕ್ಕೆ ಕೂತಳು. ರಜಿಯಾಬಿ ಪಕ್ಕದಲ್ಲಿ ಕೂತು ಎಳೆ ಎಣಿಸಿ ಹೇಳಹೋದಳು. ಮೂರು ಕೆಂಪು, ಎರಡು ಹಳದಿ, ಆಮೇಲೆ? ನವಿಲಿನ ಕುತ್ತಿಗೆ ತಿರುಗುವಲ್ಲಿಗೆ ಬಂದಾಗಲೆಲ್ಲ ಮಾತು ನಿಂತುಹೋಗುತ್ತಿತ್ತು. ಒಂಬತ್ತು ದಿನ ನೇಯ್ದರು, ಒಂಬತ್ತು ದಿನವೂ ಬಿಚ್ಚಿದರು.

"ಲೆಕ್ಕ ನನ್ನ ಬಾಯಾಗ ಇಲ್ಲ ರೇಷ್ಮಾ, ಕೈಯಾಗ ಇತ್ತು," ಎಂದು ರಜಿಯಾಬಿ ಅತ್ತುಬಿಟ್ಟಳು.

ಹತ್ತನೇ ದಿನ ಪಾಂಡುರಂಗ ಕಂಪನಿಯ ಉತ್ತರ ಹಿಡಿದುಕೊಂಡು ಬಂದರು. ನಿಂತೇ ಓದಿದರು: "ಮಾರಾಟಗಾರರು ಕಳಿಸಿದ ವಿಡಿಯೊಗಳು ನಮ್ಮ ವ್ಯಾಪಾರದ ಗುಟ್ಟು. ಹೊರಗಿನವರಿಗೆ ತೋರಿಸಲು ಬರುವುದಿಲ್ಲ."

ಅದಕ್ಕೂ ಕಂಪನಿಯವರು ಸ್ಟೇ ತಂದಿದ್ದರು. ರಜಿಯಾಬಿ ಆ ಸಾಲನ್ನು ಮತ್ತೊಮ್ಮೆ ಓದಿಸಿದಳು.

"ಹೊರಗಿನವರು ಅಂದ್ರ ಯಾರ್ರಿ?"

"ನೀವ ರೀ," ಎಂದರು ಪಾಂಡುರಂಗ.

ರಜಿಯಾಬಿಗೆ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ರೇಷ್ಮಾಬಿ ಕುತ್ತಿಗೆಯವರೆಗೆ ನೇಯ್ದಿದ್ದ ನವಿಲನ್ನು ಎಳೆಎಳೆಯಾಗಿ ಬಿಚ್ಚತೊಡಗಿದಳು.