ಹಬ್ಬಕ್ಕೆ ಕಾದ ರಟ್ಟು

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ತಾಂಬೂಲದ ಜೊತೆ ನಾನು ಕೊಟ್ಟ ಹಿತ್ತಲ ಸೇಬಿನಲ್ಲಿ ಹುಳ ಸಿಕ್ಕಿತೆಂದು ಉಷಾರಾಣಿ ಆಂಟಿ ನಮ್ಮ ಲಿಯಾಂಡರ್ ಊರಿನ ಕನ್ನಡದವರಿಗೆಲ್ಲ ಹೇಳಿಕೊಂಡು ನಕ್ಕರು. ಆ ಹುಳಗಳಲ್ಲಿ ಒಂದನ್ನೂ ಬಿಡುವುದಿಲ್ಲವೆಂದು ನಾನು ಹಟ ತೊಟ್ಟೆ.

ಈ ಜೂನ್‌ನಲ್ಲಿ ಹುಳ ಹಿಡಿಯಲೆಂದು ಸೇಬಿನ ಮರದ ಕಾಂಡಕ್ಕೆ ರಟ್ಟು ಸುತ್ತಿದೆ. ಹಣ್ಣು ಕೊರೆದು ಕೆಳಗಿಳಿದ ಹುಳಗಳು ಅದರೊಳಗೆ ಸೇರಿ ಗೂಡು ಕಟ್ಟಿಕೊಂಡವು.

"ಎರಡು ವಾರದೊಳಗೆ ಬಿಚ್ಚಿ ಸುಟ್ಟುಬಿಡು," ಎಂದ ನನ್ನ ಗಂಡ ಜಯಂತ.

"ಹಬ್ಬದ ದಿನಾನೇ ಸುಡ್ತೀನಿ. ಆಂಟಿ ಕಣ್ಣಾರೆ ನೋಡ್ಲಿ."

ಆಗಸ್ಟ್‌ನಲ್ಲಿ ಅರಿಶಿನ ಕುಂಕುಮಕ್ಕೆ ಬಂದವರನ್ನೆಲ್ಲ ಹಿತ್ತಲಿಗೆ ಕರೆದೊಯ್ದು, ಗ್ರಿಲ್ ಒಲೆ ಹೊತ್ತಿಸಿ, ರಟ್ಟು ಬಿಚ್ಚಿದೆ. ಒಳಗೆ ಬರೀ ಖಾಲಿ ಗೂಡುಗಳಿದ್ದವು. ಹುಳಗಳು ಎಂದೋ ಪತಂಗಗಳಾಗಿ ಹಾರಿಹೋಗಿದ್ದವು.

ಆಂಟಿ ತಲೆಯೆತ್ತಿ ಮರದ ತುಂಬ ತೂಗುತ್ತಿದ್ದ ಸೇಬುಗಳನ್ನು ನೋಡಿದರು.

"ಈ ಸಲ ಬಾಳೆಹಣ್ಣೇ ಕೊಡಮ್ಮ," ಎಂದರು.